ಸಂಖ್ಯಾಜ್ಞಾನದ ಅಳತೆ: ಅಪಾಯ ಮತ್ತು ಕಾಲದ ಆಯ್ಕೆಗಳ ಅಧ್ಯಯನದಲ್ಲಿ

ಖಚಿತವಾದ ಸಣ್ಣ ಮೊತ್ತವೋ, ಅದೃಷ್ಟವಿದ್ದರೆ ಸಿಗುವ ದೊಡ್ಡ ಮೊತ್ತವೋ? ಇಂದಿನ ಹಣವೋ, ತಿಂಗಳು ಕಾದರೆ ಬರುವ ಹೆಚ್ಚಿನ ಹಣವೋ? ಇಂಥ ಆಯ್ಕೆಗಳನ್ನು ಮುಂದಿಟ್ಟು ಜನರ ಧೈರ್ಯ, ತಾಳ್ಮೆಗಳನ್ನು ಅಳೆಯುವುದು ಅರ್ಥಶಾಸ್ತ್ರದ ರೂಢಿ. ಉತ್ತರಿಸುವವರಿಗೆ ಶೇಕಡಾವಾರು, ಸಂಭವನೀಯತೆ, ಬಡ್ಡಿಯ ಲೆಕ್ಕ ಎಷ್ಟು ತಿಳಿದಿದೆ ಎಂದು ಜೊತೆಯಲ್ಲೇ ಪರೀಕ್ಷಿಸುವ ಕ್ರಮ ಬಂದದ್ದು ತಡವಾಗಿ.

ಅದರ ಬೇರು ವೈದ್ಯಕೀಯದಲ್ಲಿದೆ. ಮ್ಯಾಮೊಗ್ರಫಿಯ ಪ್ರಯೋಜನವನ್ನು ಮಹಿಳೆಯರು ಹೇಗೆ ಗ್ರಹಿಸುತ್ತಾರೆಂದು ಅರಿಯಲು ಅಮೆರಿಕದ ಲಿಸಾ ಶ್ವಾರ್ಟ್ಜ್, ಸ್ಟೀವನ್ ವೊಲೊಶಿನ್ ಮತ್ತು ಸಂಗಡಿಗರು 1997ರಲ್ಲಿ ಮೂರು ಪ್ರಶ್ನೆಗಳನ್ನು ಬಳಸಿದರು. ನಾಣ್ಯವನ್ನು 1000 ಸಲ ಚಿಮ್ಮಿದರೆ ಎಷ್ಟು ಸಲ ತಲೆ ಬೀಳಬಹುದು ಎಂಬುದು ಅವುಗಳಲ್ಲೊಂದು. 2001ರಲ್ಲಿ ಐಸಾಕ್ ಲಿಪ್ಕಸ್ ತಂಡ ಇದನ್ನು 11 ಪ್ರಶ್ನೆಗಳಿಗೆ ಹಿಗ್ಗಿಸಿತು. ಹೆಚ್ಚು ಓದಿದವರೂ ಅಲ್ಲಿ ಎಡವಿದ್ದು ಕಣ್ತೆರೆಸಿದ ಸಂಗತಿ. ಆದರೂ ವಿದ್ಯಾವಂತರ ನಡುವಿನ ವ್ಯತ್ಯಾಸ ಗುರುತಿಸಲು ಇವು ತೀರಾ ಸುಲಭವಾದವು. ಆ ಕೊರತೆ ತುಂಬಲೆಂದೇ 2012ರಲ್ಲಿ ಎಡ್ವರ್ಡ್ ಕೋಕ್ಲಿ ಮತ್ತಿತರರು ನಾಲ್ಕೇ ಪ್ರಶ್ನೆಗಳ, ಆದರೆ ಕಠಿಣವಾದ, ಬರ್ಲಿನ್ ಪರೀಕ್ಷೆಯನ್ನು ರೂಪಿಸಿದರು.

ಅರ್ಥಶಾಸ್ತ್ರದಲ್ಲಿ ಈ ಅಳತೆ ಮೊದಲು ವಯಸ್ಸು, ವಿದ್ಯೆಗಳ ಸಾಲಿನಲ್ಲಿ ಇನ್ನೊಂದು ವಿವರವಾಗಿ ಸೇರಿತ್ತಷ್ಟೆ. ಕೊನೆಗೆ ಅದು ಪ್ರಶ್ನಿಸಿದ್ದು ಆಯ್ಕೆಗಳನ್ನು ಅಳೆಯುವ ಉಪಕರಣವನ್ನೇ. ಚಾರ್ಲ್ಸ್ ಹೋಲ್ಟ್ ಮತ್ತು ಸೂಸನ್ ಲಾರಿ 2002ರಲ್ಲಿ ಪ್ರಕಟಿಸಿದ ಹತ್ತು ಸಾಲಿನ ಪಟ್ಟಿಯನ್ನೇ ನೋಡಿ. ಪ್ರತಿ ಸಾಲಿನಲ್ಲೂ ಎರಡು ಲಾಟರಿ: ಒಂದರಲ್ಲಿ 2 ಡಾಲರ್ ಇಲ್ಲವೇ 1.60, ಇನ್ನೊಂದರಲ್ಲಿ 3.85 ಇಲ್ಲವೇ ಬರೀ 10 ಸೆಂಟ್. ಸಾಲು ಇಳಿದಂತೆ ದೊಡ್ಡ ಮೊತ್ತದ ಸಂಭವ ಹತ್ತರಲ್ಲಿ ಒಂದರಂತೆ ಏರುತ್ತದೆ. ಸರಾಸರಿ ಲಾಭವನ್ನಷ್ಟೇ ನೋಡುವವರು ಮೊದಲ ನಾಲ್ಕು ಸಾಲುಗಳಲ್ಲಿ ಸುರಕ್ಷಿತ ಲಾಟರಿ ಹಿಡಿದು, ಐದನೆಯದರಿಂದ ಇನ್ನೊಂದಕ್ಕೆ ಬದಲಾಗುತ್ತಾರೆ. ಲೆಕ್ಕ ತಿಳಿಯದೆ ಸಿಕ್ಕಸಿಕ್ಕಲ್ಲಿ ಗುರುತು ಹಾಕಿದವರಿಗೆ ಸರಾಸರಿ ಐದು ಸುರಕ್ಷಿತ ಆಯ್ಕೆಗಳು ಬರುತ್ತವೆ. ಹೀಗೆ ಬರೀ ಗೊಂದಲ ಅಂಜಿಕೆಯೆಂದು ದಾಖಲಾಗುತ್ತದೆ. ಬಡವರಿಗೆ, ಕಡಿಮೆ ಓದಿದವರಿಗೆ ಅಂಜುಬುರುಕರೆಂದು ಹಣೆಪಟ್ಟಿ ಹಚ್ಚುವ ಮುನ್ನ ನೆನೆಯಬೇಕಾದ ಮಾತಿದು.

ಕಾಲದ ಆಯ್ಕೆಗೂ ಇದೇ ತೊಡಕು. ಶೇನ್ ಫ್ರೆಡರಿಕ್ 2005ರಲ್ಲಿ ಕೇಳಿದ ಒಂದು ಪ್ರಶ್ನೆ: ಈ ತಿಂಗಳು 3,400 ಡಾಲರೋ, ಮುಂದಿನ ತಿಂಗಳು 3,800 ಡಾಲರೋ? ಒಂದು ತಿಂಗಳಿಗೆ ಸುಮಾರು ಶೇ. 12ರಷ್ಟು ಬಡ್ಡಿ! ಅವರದೇ ಮೂರು ಪ್ರಶ್ನೆಗಳ ಚಿಂತನಾ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದವರು ಕಾಯಲು ಹೆಚ್ಚಾಗಿ ಒಪ್ಪಿದರು. ಅದು ತಾಳ್ಮೆಯೋ, ಬಡ್ಡಿ ಕಂಡದ್ದೋ, ಉತ್ತರದಿಂದ ತಿಳಿಯದು.

2010ರಲ್ಲಿ ಥಾಮಸ್ ಡೋಮೆನ್ ಮತ್ತಿತರರು ಜರ್ಮನಿಯ ವಯಸ್ಕರಲ್ಲಿ ಬೌದ್ಧಿಕ ಸಾಮರ್ಥ್ಯ ಹೆಚ್ಚಿದ್ದಲ್ಲಿ ಅಪಾಯದ ಅಂಜಿಕೆಯೂ ಆತುರವೂ ಕಡಿಮೆಯೆಂದು ಕಂಡರು. 2016ರಲ್ಲಿ ಓಲಾ ಆಂಡರ್ಸನ್ ತಂಡ ಡೆನ್ಮಾರ್ಕಿನಲ್ಲಿ ಅಪಾಯದ ಆಯ್ಕೆಗಳ ಎರಡು ಬಗೆಯ ಪಟ್ಟಿಗಳನ್ನು ಕೊಟ್ಟಾಗ, ಒಂದರಲ್ಲಿ ಸಾಮರ್ಥ್ಯಕ್ಕೂ ಅಂಜಿಕೆಗೂ ಅದೇ ಸಂಬಂಧ ಕಂಡಿತು, ಇನ್ನೊಂದರಲ್ಲಿ ತಿರುಗುಮುರುಗಾಯಿತು. ಸಾಮರ್ಥ್ಯ ಕಡಿಮೆಯಿದ್ದವರಲ್ಲಿ ಹೆಚ್ಚಿದ್ದದ್ದು ತಪ್ಪು ಗುರುತುಗಳು.

ಪರಿಹಾರದ ಒಂದು ದಾರಿ ಭಾರತದ ಹಳ್ಳಿಗಳಲ್ಲೇ ತೆರೆದಿತ್ತು. ಹಾನ್ಸ್ ಬಿನ್ಸ್‌ವಾಂಗರ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೈತರು ಶೇಕಡಾವಾರು ಎಣಿಸಬೇಕಿರಲಿಲ್ಲ. ಕೆಲವು ಜೂಜುಗಳಲ್ಲಿ ಒಂದನ್ನು ಆರಿಸಿದರೆ ನಾಣ್ಯ ಚಿಮ್ಮಿ ಹಣ ಕೊಡುತ್ತಿದ್ದರು. ಕ್ಯಾಥರೀನ್ ಎಕೆಲ್ ಮತ್ತು ಫಿಲಿಪ್ ಗ್ರಾಸ್‌ಮನ್ ಇದೇ ಬಗೆಯ ಸರಳ ಪಟ್ಟಿಯನ್ನು ಬಳಕೆಗೆ ತಂದರು. ಲೆಕ್ಕದಲ್ಲಿ ಹಿಂದಿರುವವರಿಗೆ ಹೋಲ್ಟ್–ಲಾರಿ ಪಟ್ಟಿಗಿಂತ ಇದು ಹೆಚ್ಚು ಹೊಂದುತ್ತದೆಂದು 2010ರಲ್ಲಿ ಕೆನಡಾದ ಹೋಲಿಕೆಯೊಂದು ತೋರಿಸಿತು.