ಗುಲಾಬಿಯ ಕುಲವೂ ತೆಂಗಿನ ಸೀಮೆಯ ಹಿತ್ತಿಲೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹೆಸರೆತ್ತಿದೊಡನೆ ತೆಂಗೂ ಕೊಬ್ಬರಿಯೂ ನೆನಪಿಗೆ ಬರುತ್ತವೆಯೇ ಹೊರತು ಗುಲಾಬಿಯಲ್ಲ. ಆದರೂ ಮುಡಿಗೂ ಪೂಜೆಗೂ ನಾಲ್ಕು ಹೂ ಬೇಕೆಂದು ಬಾವಿಯ ಬಳಿ ಗುಲಾಬಿಯನ್ನು ನೆಟ್ಟುಕೊಂಡ ಮನೆಗಳು ಈ ಸೀಮೆಯಲ್ಲಿ ಕಡಮೆಯಲ್ಲ. ಹಣ ತೆತ್ತು ತಂದ ದೊಡ್ಡ ಹೂವಿನ ಸಸಿ ಎರಡು ಬೇಸಗೆಗಳೊಳಗೆ ಒಣಗುವುದೂ, ನೆರೆಮನೆಯಿಂದ ಕಡ್ಡಿ ಮುರಿದು ತಂದ ಹಳೆಯ ಗಿಡ ವರ್ಷವಿಡೀ ಹೂ ಬಿಡುವುದೂ ನಾವೆಲ್ಲ ಕಂಡ ಸಂಗತಿ. ಇದಕ್ಕೆ ಕೈಗುಣವೇ ಕಾರಣವೆನ್ನುವವರುಂಟು. ನಾವಾದರೋ ಗಿಡದ ಚರಿತ್ರೆಯೇ ಕಾರಣವೆಂದು ಭಾವಿಸುತ್ತೇವೆ.

ಯೂರೋಪಿನ ಹಳೆಯ ಗುಲಾಬಿಗಳು ಚಳಿಯ ನಾಡಿನವು. ಹಿಮಕಾಲದಲ್ಲಿ ಎಲೆಯುದುರಿಸಿ ಮಲಗಿ, ವಸಂತದಲ್ಲಿ ಒಮ್ಮೆ ಹೂವಾದರೆ ಅವುಗಳ ವರ್ಷದ ಕೆಲಸ ಮುಗಿಯಿತು. ಅತ್ತರಿನ ಡಮಾಸ್ಕ್ ಗುಲಾಬಿಯೂ ಬಹುಮಟ್ಟಿಗೆ ಇದೇ ಸ್ವಭಾವದ್ದು. ಚೀನದ ಗುಲಾಬಿ ಹಾಗಲ್ಲ. ಅದಕ್ಕೆ ಚಳಿಯ ನಿದ್ದೆ ಬೇಡ, ಚಿಗುರಿದಾಗಲೆಲ್ಲ ಮೊಗ್ಗು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದು ಹಡಗುಗಳನ್ನೇರಿ ಯೂರೋಪನ್ನು ಸೇರಿತು. ಕಲ್ಕತ್ತೆಯ ಮಾರ್ಗವಾಗಿ ಬಂದುದರಿಂದ ಫ್ರೆಂಚರು ಇದನ್ನು ಬಂಗಾಳದ ಗುಲಾಬಿಯೆಂದರು. ಹುಟ್ಟಿದ ನಾಡು ಒಂದು, ಹೆಸರಿನ ನಾಡು ಇನ್ನೊಂದು!

ಹಿಂದೂ ಮಹಾಸಾಗರದಲ್ಲಿ ಬೂರ್ಬೋನ್ ಎಂಬ ದ್ವೀಪವಿತ್ತು. ಈಗ ಅದನ್ನು ರೆಯೂನಿಯನ್ ಎನ್ನುತ್ತಾರೆ. ಅಲ್ಲಿಯ ಬೇಸಾಯಗಾರರು ಹೊಲದ ಬೇಲಿಗೆ ಚೀನದ ಗುಲಾಬಿಯನ್ನೂ ಡಮಾಸ್ಕನ್ನೂ ಒಟ್ಟಿಗೆ ನೆಡುತ್ತಿದ್ದರು. ಯಾರ ಪ್ರಯತ್ನವೂ ಇಲ್ಲದೆ ಅವೆರಡರ ಸಂಕರ ಹುಟ್ಟಿತು: ಒಂದರ ಪರಿಮಳ, ಇನ್ನೊಂದರ ಬಿಡದೆ ಹೂವಾಗುವ ಗುಣ. ದ್ವೀಪದವರು ಅದನ್ನು ‘ಎದುವಾರ್’ ಎಂದು ಕರೆದರು. 1820ರ ಸುಮಾರಿಗೆ ಅದರ ಬೀಜ ಪ್ಯಾರಿಸನ್ನು ಮುಟ್ಟಿತು. ದಕ್ಷಿಣ ದೇಶದ ಹೂವಿನ ಬೆಳೆಗಾರರು ‘ಎಡ್ವರ್ಡ್’ ಎನ್ನುವ ಗುಲಾಬಿ ಇದೇ ಕುಲದ್ದು. ಹಲವೆಡೆ ಪನ್ನೀರು ಗುಲಾಬಿಯೆಂಬ ಹೆಸರೂ ಇದಕ್ಕೇ ಸಲ್ಲುತ್ತದೆ.

1867ರ ‘ಲಾ ಫ್ರಾನ್ಸ್’ ಮೊದಲಾದ ಹೈಬ್ರಿಡ್ ಟೀ ಜಾತಿಗಳಲ್ಲಿಯೂ ಚೀನದ ರಕ್ತ ಉಂಟು. ಆದರೆ ಅವುಗಳಲ್ಲಿ ಬಹಳಷ್ಟನ್ನು ಯೂರೋಪಿನ ತಂಪಿನಲ್ಲಿ, ಪ್ರದರ್ಶನದ ಮೇಜಿಗೆಂದು, ಹೂವಿನ ಗಾತ್ರ ನೋಡಿ ಆರಿಸಿದರು. ಗೆಶ್ವಿಂಡ್ ಸಾಧಿಸಿದ, 1897ರಲ್ಲಿ ಹೊರಬಂದ ಕೆಂಪು ‘ಗ್ರೂಸ್ ಆನ್ ಟೆಪ್ಲಿಟ್ಸ್’ ಆಸ್ಟ್ರಿಯ-ಹಂಗೇರಿಯಲ್ಲಿ ಹುಟ್ಟಿಯೂ ನಮ್ಮ ಬಿಸಿಲಿಗೆ ಒಗ್ಗಿ, ಹಾರಕ್ಕೂ ಗುಲ್ಕಂದಕ್ಕೂ ಒದಗುತ್ತಿದೆ. ಅದರ ಪೂರ್ವಿಕರಲ್ಲಿ ಬೂರ್ಬೋನೂ ಉಂಟು, ಚೀನವೂ ಉಂಟು. ಈಚೆಗೆ ಕೊಡೈಕಾನಲ್ಲಿನ ವೀರು ವೀರರಾಘವನ್ನರು ಭಾರತದ ಕಾಡುಗುಲಾಬಿಗಳಿಂದಲೇ ಬಿಸಿನಾಡಿನ ತಳಿಗಳನ್ನು ಸಾಧಿಸಿದ್ದಾರೆ.

ಆದುದರಿಂದ ನಮ್ಮ ಸೀಮೆಯವರು ಮೊದಲು ಎಡ್ವರ್ಡನ್ನೂ ಟೆಪ್ಲಿಟ್ಸನ್ನೂ ನೆಡುವುದು ಲೇಸು. ದೊಡ್ಡ ಹೂವಿನ ಆಸೆಗೆ ಕಣ್ಣುಕಸಿಯ ಸಸಿ ಒಂದೆರಡು ಸಾಕು. ಕಸಿಯ ಕೆಳಗಿನ ಚಿಗುರನ್ನು ಕೀಳದಿದ್ದರೆ ಕೊನೆಗೆ ಉಳಿಯುವುದು ಬೇರೆಯೇ ಗಿಡ. ತೆಂಗಿನ ನೆರಳು ಗುಲಾಬಿಗೆ ಆಗದು. ಐದಾರು ಗಂಟೆಯ ಬಿಸಿಲು ಬೇಕು. ಬುಡಕ್ಕೆ ಮಾತ್ರ ತೆಂಗಿನಕಾಯಿಯ ಸಿಪ್ಪೆಯನ್ನು ಹೊದಿಸಿದರೆ ಚೈತ್ರ ವೈಶಾಖಗಳಲ್ಲಿ ಕೆಂಪುಮಣ್ಣಿನ ತೇವ ಆರದೆ ನಿಲ್ಲುತ್ತದೆ. ಕೊಬ್ಬರಿಯ ನಾಡಿನಲ್ಲಿ ಅದಕ್ಕೇನು ಬರವೇ? ರೆಂಬೆಗಳನ್ನು ಸವರುವುದು ಮಳೆಗಾಲ ಕಳೆದಮೇಲೆ, ಅಕ್ಟೋಬರಿನಲ್ಲಿ.