ಬಿ ಜೀವಕೋಶ: ಶೋಧದ ಇತಿಹಾಸ

ದೇಹ ಹೊಕ್ಕ ರೋಗಾಣುವನ್ನು ಗುರುತಿಸಿ, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುವ ಬಿಳಿ ರಕ್ತಕಣಗಳೇ ಬಿ ಜೀವಕೋಶಗಳು. ಪ್ರತಿಕಾಯದ ಸುಳಿವು ಸಿಕ್ಕ ಮೇಲೂ ಅದರ ಮೂಲ ಕಣ ಯಾವುದೆಂದು ತಿಳಿಯಲು ಮುಕ್ಕಾಲು ಶತಮಾನ ಹಿಡಿಯಿತು.

1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿತಾಸಾಟೊ, ಧನುರ್ವಾಯುವಿನ ವಿಷಕ್ಕೆ ಒಗ್ಗಿಕೊಂಡ ಪ್ರಾಣಿಯ ಸೀರಂ ಇನ್ನೊಂದು ಪ್ರಾಣಿಯನ್ನೂ ಕಾಪಾಡುತ್ತದೆಂದು ತೋರಿಸಿದರು. ಪ್ರತಿಕಾಯದ ಸುಳಿವು ಇದೇ. ಪ್ರತಿಕಾಯಗಳು ಪ್ಲಾಸ್ಮಾ ಕಣಗಳಲ್ಲಿ ಉತ್ಪತ್ತಿಯಾಗುತ್ತವೆಂದು ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ ತಮ್ಮ 1948ರ ಪ್ರಬಂಧದಲ್ಲಿ ವಾದಿಸಿದರು. ಆ ಕಣಗಳ ಹುಟ್ಟು ಮಾತ್ರ ಒಗಟಾಗಿಯೇ ಉಳಿಯಿತು.

ಒಗಟಿನ ಎಳೆ ಸಿಕ್ಕಿದ್ದು ಕೋಳಿಯಲ್ಲಿ. ಹಕ್ಕಿಗಳ ಗುದದ ಬಳಿ ಫ್ಯಾಬ್ರಿಸಿಯಸ್‌ನ ಬರ್ಸಾ ಎಂಬ ಸಣ್ಣ ಚೀಲವಿದೆ. ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಬ್ರೂಸ್ ಗ್ಲಿಕ್, ಅದರ ಕೆಲಸವೇನೆಂದು ತಿಳಿಯಲು ಕೋಳಿಮರಿಗಳಿಂದ ಅದನ್ನು ಕತ್ತರಿಸಿ ತೆಗೆದರು, ಏನೂ ಹೊಳೆಯಲಿಲ್ಲ. ಸಹಪಾಠಿ ತಿಮೋತಿ ಚಾಂಗ್, ಪ್ರತಿಕಾಯ ಹುಟ್ಟುವುದನ್ನು ತರಗತಿಗೆ ತೋರಿಸಲು ಅದೇ ಕೋಳಿಗಳನ್ನು ಕೇಳಿ ಪಡೆದು ಸಾಲ್ಮೊನೆಲ್ಲಾ ಚುಚ್ಚಿದರು. ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ಇದನ್ನು ವಿವರಿಸಿದ ಅವರ ಲೇಖನವನ್ನು ‘ಸೈನ್ಸ್’ ಪತ್ರಿಕೆ ತಿರಸ್ಕರಿಸಿತು. 1956ರಲ್ಲಿ ಅದು ‘ಪೌಲ್ಟ್ರಿ ಸೈನ್ಸ್’ನಲ್ಲಿ ಬಂತು. ಕೋಳಿ ಸಾಕಣೆಯ ಪತ್ರಿಕೆಯನ್ನು ರೋಗನಿರೋಧ ವಿಜ್ಞಾನಿಗಳು ತೆರೆದು ನೋಡುವುದು ಅಪರೂಪವಾದ್ದರಿಂದ ಕೆಲವು ವರ್ಷ ಅದು ಗಮನಕ್ಕೇ ಬರಲಿಲ್ಲ.

1965ರಲ್ಲಿ ಮಿನೆಸೋಟದ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಕೋಳಿಗಳಲ್ಲೇ ಪ್ರಯೋಗ ನಡೆಸಿ, ಥೈಮಸ್ ಗ್ರಂಥಿ ಮತ್ತು ಬರ್ಸಾಗಳಿಂದ ಹೊಮ್ಮುವ ಕಣವಂಶಗಳು ಬೇರೆಬೇರೆ, ಪ್ರತಿಕಾಯ ತಯಾರಿಸುವುದು ಬರ್ಸಾದ ವಂಶ ಎಂದು ಸಾಧಿಸಿದರು. ಹಲವು ಬರಹಗಳು ಶೋಧವನ್ನು ಇಲ್ಲಿಂದಲೇ ಎಣಿಸುತ್ತವೆ. ಗ್ಲಿಕ್ ಮತ್ತು ಚಾಂಗ್‌ರನ್ನು ಬಿಟ್ಟರೆ ಕಥೆಯ ಮೊದಲರ್ಧವೇ ಬಿದ್ದುಹೋಗುತ್ತದೆ. ‘ಬಿ’ ಬಂದದ್ದೂ ಬರ್ಸಾದಿಂದಲೇ. ಸಸ್ತನಿಗಳಿಗೆ ಆ ಅಂಗವಿಲ್ಲ. ಭ್ರೂಣದ ಯಕೃತ್ತು, ಅನಂತರ ಅಸ್ಥಿಮಜ್ಜೆ ಅದರ ಕೆಲಸ ಮಾಡುತ್ತವೆಂದು 1970ರ ದಶಕದಲ್ಲಿ ತಿಳಿಯಿತು.

ಲೆಕ್ಕವಿಲ್ಲದಷ್ಟು ರೋಗಾಣುಗಳಿಗೆ ಪ್ರತಿಕಾಯ ಹೇಗೆ ಸಿದ್ಧವಾಗುತ್ತದೆ? ಪ್ರತಿ ಬಿ ಕಣವೂ ಹುಟ್ಟುವಾಗಲೇ ಪ್ರತಿಕಾಯದ ಒಂದೊಂದು ನಮೂನೆ ಹೊತ್ತಿರುತ್ತದೆ. ಹೊಂದುವ ರೋಗಾಣು ಎದುರಾದಾಗ ಆ ಕಣವೇ ಒಡೆದು ಹೆಚ್ಚುತ್ತದೆ, ಕೆಲವು ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣಗಳಾಗುತ್ತವೆ, ಕೆಲವು ನೆನಪಿನ ಕಣಗಳಾಗಿ ಉಳಿಯುತ್ತವೆ. 1957ರ ಈ ಸಿದ್ಧಾಂತ ರೋಗನಿರೋಧ ವಿಜ್ಞಾನಿ ಬರ್ನೆಟ್ ಹೆಸರಿನಲ್ಲಿ ನಿಂತಿದ್ದರೂ, ಅದೇ ವರ್ಷ ಡೇವಿಡ್ ಟಾಲ್ಮೇಜ್ ಸ್ವತಂತ್ರವಾಗಿ ಇದೇ ದಾರಿ ಹಿಡಿದಿದ್ದರು. ಇಬ್ಬರಿಗೂ ಇನ್ನೊಬ್ಬ ರೋಗನಿರೋಧ ವಿಜ್ಞಾನಿ ಯರ್ನೆಯ 1955ರ ಲೇಖನ ಪ್ರೇರಣೆ. ಜೀನ್ ತುಣುಕುಗಳು ಮರುಜೋಡಣೆಗೊಂಡು ನಮೂನೆಗಳು ರೂಪುಗೊಳ್ಳುತ್ತವೆಂಬ ಪುರಾವೆಯನ್ನು 1976ರಲ್ಲಿ ಹೊಜುಮಿ ಮತ್ತು ಟೊನೆಗಾವ ಒದಗಿಸಿದರು.