ಓಲೆಯ ಹಾದಿಯ ಲೆಕ್ಕ

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನು ಗಣಕಯಂತ್ರದ ವಿಷಯವಾಗಿ ಮಾತನಾಡಲು ನಿಂತರೆ ಸಭಿಕರಿಗೆ ಸಂಶಯ ಮೂಡುವುದು ಸಹಜ. ಆ ವಿದ್ಯೆಯಲ್ಲಿ ಈ ಸಭಾಂಗಣದಲ್ಲಿರುವ ನಮ್ಮ ತರುಣ ಇಂಜಿನಿಯರುಗಳೇ ನನಗೆ ಗುರುಗಳು. ಆದರೆ ಕೇಸ್ ಶೀಟ್ ಬರೆಯುವುದರಲ್ಲಿಯೇ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದವನಿಗೆ ಒಂದು ಮಾತು ಮನದಟ್ಟಾಗಿರುತ್ತದೆ: ಬರೆದಿಡದ ಚಿಕಿತ್ಸೆ, ಮಾಡದ ಚಿಕಿತ್ಸೆಗೆ ಸಮಾನ. ಪತ್ರ ಬರೆದವರ ಇತಿಹಾಸವನ್ನು ನಾವು ಬೇಕಾದಷ್ಟು ಓದಿದ್ದೇವೆ. ಪತ್ರವು ಎಂದು ಹೊರಟಿತು, ಎಲ್ಲಿ ತಂಗಿತು, ಯಾರ ಕೈ ಸೇರಿತು ಎಂದು ಲೆಕ್ಕವಿಟ್ಟವರ ಇತಿಹಾಸವನ್ನು ಬರೆದವರು ಕಡಮೆ. ಇಂದು ಅದನ್ನೇ ನಿಮ್ಮ ಮುಂದಿಡಲು ಬಯಸುತ್ತೇನೆ. ಈ ಆಸಕ್ತಿ ನನಗೆ ಹುಟ್ಟಿದುದು ಒಂದು ಕಹಿ ಅನುಭವದಿಂದ. ಅದನ್ನು ಕೊನೆಗೆ ಹೇಳುತ್ತೇನೆ.

ಮಂಗಳೂರು, ಮೈಸೂರು, ದೋಹಾ

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದನು. ಸುಮಾರು 1132ರಿಂದ 1149ರವರೆಗೆ ಅವನು ಮಲಬಾರ್ ಕರಾವಳಿಯಲ್ಲಿದ್ದು ಏಡನ್ನಿನ ವರ್ತಕರೊಡನೆ ವ್ಯವಹರಿಸಿದನು. ಆ ಪತ್ರಗಳಲ್ಲಿ ಹಲವು ಕೈರೋ ನಗರದ ಪ್ರಾಚೀನ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಉಳಿದುಕೊಂಡು, ವಿದ್ವಾಂಸ ಗಾಯ್ಟೈನ್ ಅವರ ದುಡಿಮೆಯಿಂದ ಲೋಕಕ್ಕೆ ತಿಳಿದುಬಂದವು. ಹಿಂದಿನ ಪತ್ರ ತಲುಪಿತೆಂಬ ಒಪ್ಪಿಗೆ, ಯಾವ ಹಡಗಿನಲ್ಲಿ ಏನು ಬಂದಿತು, ಏನು ಬರಲಿಲ್ಲ ಎಂಬ ಪಟ್ಟಿ, ಇವು ಆ ವರ್ತಕರ ಪತ್ರಗಳ ಮುಖ್ಯ ಅಂಗ. ಮುಖ್ಯವಾದ ಪತ್ರವನ್ನು ಎರಡು ಪ್ರತಿ ಮಾಡಿ ಎರಡು ಹಡಗುಗಳಲ್ಲಿ ಕಳುಹಿಸುವ ಪದ್ಧತಿಯೂ ಇತ್ತು. ಸಮುದ್ರವು ಪತ್ರವನ್ನು ನುಂಗಿದರೆ ಕೇಳುವವರಿಲ್ಲವೆಂಬುದನ್ನು ಅವರು ಬಲ್ಲರು.

ಮೈಸೂರಿನಲ್ಲಿ ಈ ಕೆಲಸವನ್ನು ರಾಜ್ಯವೇ ವಹಿಸಿಕೊಂಡಿತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಸ್ಥಾಪಿಸಿದ ವ್ಯವಸ್ಥೆಯೇ ಮೈಸೂರು ಅಂಚೆ. ಓಲೆಯನ್ನು ಮುಂದಿನ ಠಾಣೆಗೆ ಮುಟ್ಟಿಸುವುದರ ಜೊತೆಗೆ, ತಮ್ಮ ಪ್ರದೇಶದ ಆಗುಹೋಗುಗಳನ್ನು ಅರಮನೆಗೆ ವರದಿ ಮಾಡುವುದೂ ಅಂಚೆಯವರ ಹೊಣೆಯಾಗಿತ್ತು. ಅಂದರೆ ಪತ್ರ ಸಾಗಿಸುವ ವ್ಯವಸ್ಥೆಯೂ ವರದಿ ಬರೆಯುವ ವ್ಯವಸ್ಥೆಯೂ ಒಂದೇ ಒಡಲಿನ ಮಕ್ಕಳು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮೂರು ಶತಮಾನಗಳ ನಂತರ ಅಮೆರಿಕೆಯಲ್ಲಿ ಇದೇ ಕಥೆ ಮರುಕಳಿಸಿತು. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಪದ ಮಾತ್ರ ನಮ್ಮ ನಾಲಗೆಯಲ್ಲಿ ಉಳಿದಿದೆ.

ಪತ್ರದ ಮೇಲಿನ ದಿನಾಂಕದ ಮುದ್ರೆಗೂ ಒಂದು ಕಥೆಯಿದೆ. 1661ರಲ್ಲಿ ಲಂಡನ್ನಿನ ಪೋಸ್ಟ್‌ಮಾಸ್ಟರ್ ಜನರಲ್ ಹೆನ್ರಿ ಬಿಷಪ್ ಈ ಮುದ್ರೆಯನ್ನು ಜಾರಿಗೆ ತಂದನು. ಪತ್ರಗಳು ತಡವಾಗುತ್ತಿವೆಯೆಂದು ಜನ ದೂರುತ್ತಿದ್ದರು. ಯಾವ ನೌಕರನೂ ಪತ್ರವನ್ನು ತಡೆದಿಟ್ಟುಕೊಳ್ಳಲು ಧೈರ್ಯ ಮಾಡಬಾರದೆಂಬುದು ಅವನ ಉದ್ದೇಶ. ಆ ಪುಟ್ಟ ವೃತ್ತದೊಳಗೆ ತಿಂಗಳು ಮತ್ತು ತಾರೀಖು ಮಾತ್ರ ಇದ್ದವು. ವರ್ಷವಿರಲಿಲ್ಲ.

ನಾವಿರುವ ದೋಹಾದಲ್ಲಿ ಬ್ರಿಟಿಷರ ಅಂಚೆ ಕಚೇರಿ ತೆರೆದುದು 1950ರಲ್ಲಿ. ಆಗ ಇಲ್ಲಿ ಭಾರತದ ರೂಪಾಯಿ ಚಲಾವಣೆಯಲ್ಲಿದ್ದುದರಿಂದ ಬ್ರಿಟಿಷ್ ಸ್ಟಾಂಪುಗಳ ಮೇಲೆ ಆಣೆ, ರೂಪಾಯಿಗಳ ಬೆಲೆಯನ್ನು ಮುದ್ರಿಸಿ ಮಾರುತ್ತಿದ್ದರು. 1957ರಲ್ಲಿ ಆ ಸ್ಟಾಂಪುಗಳ ಮೇಲೆ ಕತಾರ್ ಎಂಬ ಹೆಸರು ಬಂದಿತು. 1963ರ ಮೇ ತಿಂಗಳಲ್ಲಿ ಕತಾರ್ ತನ್ನ ಅಂಚೆಯನ್ನು ತಾನೇ ವಹಿಸಿಕೊಂಡಿತು. ಇನ್ನೊಬ್ಬರ ಮುದ್ರೆಯಿಂದ ತನ್ನ ಮುದ್ರೆಗೆ ಬರುವುದು ಸಣ್ಣ ಸಂಗತಿಯೇನಲ್ಲ.

ಮರದ ತುಂಡಿನಿಂದ ಬರ್ಕಲಿಗೆ

ಗಣಕಯಂತ್ರದವರು ಬಳಸುವ ಲಾಗ್ ಎಂಬ ಪದವು ಹಡಗಿನವರದು. ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ಹಿಂದಕ್ಕೆಸೆದು, ನಿಗದಿತ ಸಮಯದಲ್ಲಿ ಎಷ್ಟು ಗಂಟು ಬಿಚ್ಚಿಕೊಂಡಿತೆಂದು ಎಣಿಸಿ ಹಡಗಿನ ವೇಗವನ್ನು ತಿಳಿಯುತ್ತಿದ್ದರು. ಆ ಲೆಕ್ಕ ಬರೆದ ಪುಸ್ತಕವೇ ಲಾಗ್ ಬುಕ್.

1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಗಣಕದಿಂದ ಇನ್ನೊಂದಕ್ಕೆ ಮೊದಲ ಇ-ಮೇಲ್ ಕಳುಹಿಸಿದರು. ಆ ದಶಕದ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಹಲವು ಜಾಲಗಳಿದ್ದವು. ಒಂದರ ಪತ್ರ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತಿರಲಿಲ್ಲ. ಎರಿಕ್ ಆಲ್ಮನ್ ಎಂಬ ತರುಣನು 1979ರಲ್ಲಿ ಡೆಲಿವರ್‌ಮೇಲ್ ಎಂಬ ತಂತ್ರಾಂಶವನ್ನು ಬರೆದು ಈ ಜಾಲಗಳ ನಡುವೆ ಅಂಚೆಯವನ ಕೆಲಸ ಮಾಡಿಸಿದನು. ಅದೇ ಬೆಳೆದು ಸೆಂಡ್‌ಮೇಲ್ ಆಗಿ, 1983ರ ಬರ್ಕಲಿ ಯೂನಿಕ್ಸ್ ಜೊತೆಗೆ ಲೋಕವನ್ನೆಲ್ಲ ಹರಡಿತು.

ಪತ್ರ ಸಾಗಿಸುವ ತಂತ್ರಾಂಶಕ್ಕೆ ತಾನು ಮಾಡಿದ ಕೆಲಸವನ್ನು ಬರೆದಿಡಲು ಒಬ್ಬ ಶಾನುಭೋಗ ಬೇಕಾದನು. ಆಲ್ಮನ್ ಅದಕ್ಕಾಗಿ ರಚಿಸಿದ ಉಪಾಂಗವೇ ಸಿಸ್‌ಲಾಗ್. ಉಳಿದ ತಂತ್ರಾಂಶಗಳೂ ತಮ್ಮ ವರದಿಗಳನ್ನು ಈ ಶಾನುಭೋಗನಿಗೇ ಒಪ್ಪಿಸತೊಡಗಿದವು. ಇಂದಿಗೂ ಸಿಸ್‌ಲಾಗ್ ಇಲಾಖೆಗಳ ಪಟ್ಟಿಯನ್ನು ನೋಡಿದರೆ 0 ಕಾರ್ಯವ್ಯವಸ್ಥೆಯ ತಿರುಳಿಗೆ, 1 ಸಾಮಾನ್ಯ ಬಳಕೆಗೆ, 2 ಅಂಚೆಗೆ ಮೀಸಲಾಗಿದೆ. ತವರುಮನೆಯ ಗುರುತು ಅಳಿಸಿಲ್ಲ. ವರದಿಗಳಿಗೆ 0ಯಿಂದ 7ರವರೆಗೆ ಎಂಟು ತೀವ್ರತೆಗಳಿವೆ: 0 ಎಂದರೆ ಅತ್ಯಂತ ತುರ್ತು, 7 ಎಂದರೆ ಬರಿಯ ಪರೀಕ್ಷಾ ಟಿಪ್ಪಣಿ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾವು ರೋಗಿಗಳನ್ನು ವಿಂಗಡಿಸುವುದೂ ಹೀಗೆಯೇ.

ಭಾರತದಲ್ಲಿ 1986ರಲ್ಲಿ ಎರ್ನೆಟ್ ಯೋಜನೆ ಆರಂಭವಾದಾಗ ಅದರ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಸಾಮಾನ್ಯ ಜನರಿಗೆ ಇಂಟರ್ನೆಟ್ ದೊರೆತುದು ಅಲ್ಲಿ 1995ರ ಆಗಸ್ಟ್ 15ರಂದು, ಕತಾರಿನಲ್ಲಿ 1996ರಲ್ಲಿ. ಊರಿನ ಪತ್ರಕ್ಕಾಗಿ ಅಂಚೆಪೆಟ್ಟಿಗೆಯ ಕೀಲಿಕೈ ಹಿಡಿದು ಹೋಗುತ್ತಿದ್ದ ನಮ್ಮಲ್ಲಿ ಹಲವರ ಬಾಳು ಆಗ ಬದಲಾಯಿತು.

ಶಾನುಭೋಗನ ದೌರ್ಬಲ್ಯಗಳು

ಸಿಸ್‌ಲಾಗ್ ಹುಟ್ಟಿ ಸುಮಾರು ಎರಡು ದಶಕಗಳವರೆಗೆ ಅದಕ್ಕೊಂದು ಲಿಖಿತ ನಿಯಮಾವಳಿಯೇ ಇರಲಿಲ್ಲ. 2001ರಲ್ಲಿ ಬಂದ ಮೊದಲ ದಸ್ತಾವೇಜು ಕೂಡ ಜನ ಏನು ಮಾಡುತ್ತಿದ್ದರೋ ಅದನ್ನು ವರ್ಣಿಸಿತು, ಅಷ್ಟೇ. ಅದರ ಪ್ರಕಾರ ಪ್ರತಿ ಸಾಲಿನ ಆದಿಯಲ್ಲಿ ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡುಗಳಿರುತ್ತವೆ. ವರ್ಷವಿಲ್ಲ! ಹೆನ್ರಿ ಬಿಷಪ್ಪನ ಮುದ್ರೆಯ ಕೊರತೆಯೇ 340 ವರ್ಷಗಳ ನಂತರ ಮರಳಿ ಬಂದಿತ್ತು. ಯಾವ ದೇಶದ ಸಮಯ ಎಂಬುದೂ ಇಲ್ಲ. ದೋಹಾಕ್ಕೂ ಬೆಂಗಳೂರಿಗೂ ಎರಡೂವರೆ ಗಂಟೆಯ ಅಂತರವಿರುವಾಗ, ಎರಡು ಕಡೆಯ ಲಾಗ್‌ಗಳನ್ನು ಹೋಲಿಸುವವನು ಈ ಲೆಕ್ಕವನ್ನು ತಾನೇ ಮಾಡಿಕೊಳ್ಳಬೇಕು. 2009ರ ಹೊಸ ನಿಯಮಾವಳಿ ಈ ಎರಡು ಕೊರತೆಗಳನ್ನೂ ತುಂಬಿತು. ಹಳೆಯ ರೂಢಿ ಮಾತ್ರ ಬೇಗ ಬಿಡಲಿಲ್ಲ.

ಇತರ ದೌರ್ಬಲ್ಯಗಳೂ ಇದ್ದವು. ಯಾವ ವರದಿಯನ್ನು ಯಾವ ಕಡತದಲ್ಲಿ ಬರೆಯಬೇಕೆಂದು ಹೇಳುವ ಆಜ್ಞಾಪಟ್ಟಿಯಲ್ಲಿ ಎರಡು ಅಂಕಣಗಳ ನಡುವೆ ಟ್ಯಾಬ್ ಕೀಲಿಯಿಂದ ಬಿಟ್ಟ ಜಾಗವೇ ಇರಬೇಕೆಂದು ಹಳೆಯ ಆವೃತ್ತಿಗಳು ಹಠ ಹಿಡಿಯುತ್ತಿದ್ದವು. ಸಾಧಾರಣ ಜಾಗ ಬಿಟ್ಟರೆ ಆ ಸಾಲು ವ್ಯರ್ಥ. ಕಣ್ಣಿಗಾದರೋ ಎರಡೂ ಒಂದೇ. ಪಟ್ಟಿಯನ್ನು ತಿದ್ದಿದ ಮೇಲೆ ಅದನ್ನು ಮತ್ತೆ ಓದೆಂದು ಸಿಸ್‌ಲಾಗ್‌ಗೆ ಸೂಚನೆ ಕೊಡದಿದ್ದರೆ ಅದು ಹಳೆಯ ಆಜ್ಞೆಯನ್ನೇ ಪಾಲಿಸುತ್ತಿತ್ತು. ಜಾಲದ ಮೂಲಕ ಬೇರೆ ಗಣಕಕ್ಕೆ ಕಳುಹಿಸಿದ ವರದಿಯು ದಾರಿಯಲ್ಲಿ ಕಳೆದುಹೋದರೆ ಇಬ್ಬರಿಗೂ ತಿಳಿಯುತ್ತಿರಲಿಲ್ಲ. 1998ರಲ್ಲಿ ವೀಟ್ಸ ವೆನೆಮಾ ಲೋಕಾರ್ಪಣೆ ಮಾಡಿದ ಪೋಸ್ಟ್‌ಫಿಕ್ಸ್ ಎಂಬ ಅಂಚೆ ತಂತ್ರಾಂಶದ ಭಾಗಗಳನ್ನು ಸುರಕ್ಷತೆಗಾಗಿ ಪ್ರತ್ಯೇಕ ಆವರಣದಲ್ಲಿ ಬಂಧಿಸಿಡಬಹುದು. ಆ ಆವರಣದೊಳಗಿನಿಂದ ಸಿಸ್‌ಲಾಗ್‌ನ ಬಾಗಿಲು ಕಾಣದಿದ್ದರೆ ಅಂಚೆ ಸಾಗುತ್ತಲೇ ಇರುತ್ತದೆ, ವರದಿ ಮಾತ್ರ ಬರುವುದಿಲ್ಲ.

ಇವೆಲ್ಲದರಲ್ಲಿ ಒಂದು ಸಮಾನ ಗುಣವಿದೆ. ಪತ್ರ ಸಾಗಣೆ ಕೆಟ್ಟರೆ ಜನ ಕೂಗುತ್ತಾರೆ. ಲೆಕ್ಕ ಬರೆಯುವುದು ನಿಂತರೆ ಯಾರೂ ಕೂಗುವುದಿಲ್ಲ.

ಒಂದು ವರದಿಯ ಕಥೆ

ಈಗ ನನ್ನ ಅನುಭವಕ್ಕೆ ಬರುತ್ತೇನೆ. ಸುಮಾರು ಹತ್ತು ವರ್ಷಗಳ ಹಿಂದೆ ನಾನಿದ್ದ ಆಸ್ಪತ್ರೆಯಲ್ಲಿ ನಡೆದುದಿದು. ಆಸ್ಪತ್ರೆಯ ಹೆಸರು ಇಲ್ಲಿ ಅನಗತ್ಯ. ನಮ್ಮವರೇ ಆದ ರೋಗಿಯೊಬ್ಬರು ರಜೆಯಲ್ಲಿ ಊರಿಗೆ ಹೋದಾಗ ಕತ್ತಿನ ಗಂಟಿನ ಬಯಾಪ್ಸಿ ಮಾಡಿಸಿಕೊಂಡು ಮರಳಿದ್ದರು. ವರದಿಯನ್ನು ಪ್ರಯೋಗಾಲಯದವರು ನೇರವಾಗಿ ನನಗೆ ಇ-ಮೇಲ್ ಮಾಡಬೇಕಾಗಿತ್ತು. ವಿಶೇಷ ಪರೀಕ್ಷೆಗಳು ಬಾಕಿಯಿರಬಹುದೆಂದು ನಾನು ಕಾದೆ. ಡಾಕ್ಟರು ಕರೆಯಲಿಲ್ಲ, ಆದ್ದರಿಂದ ಎಲ್ಲವೂ ಸರಿಯಿದೆ ಎಂದು ಅವರು ನೆಮ್ಮದಿಯಿಂದಿದ್ದರು. ಮೂರು ವಾರಗಳ ನಂತರ ದಾರಿಯಲ್ಲಿ ಸಿಕ್ಕು, "ಡಾಕ್ಟರೇ, ಆ ರಿಪೋರ್ಟ್ ನಾರ್ಮಲ್ ತಾನೆ?" ಎಂದು ಕೇಳಿದರು. ನನಗೆ ಎದೆ ಧಸಕ್ಕೆಂದಿತು. ಅಂದೇ ಫೋನ್ ಮಾಡಿ ಬೇರೆ ವಿಳಾಸಕ್ಕೆ ಪ್ರತಿ ತರಿಸಿಕೊಂಡೆ. ಲಿಂಫೋಮಾ.

ಚಿಕಿತ್ಸೆ ಆರಂಭವಾಯಿತು. ದೇವರ ದಯೆಯಿಂದ ಅವರು ಗುಣಮುಖರಾದರು. ಆದರೆ ಮೂರು ವಾರ ಹೋದುದೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಪ್ರಯೋಗಾಲಯದವರು ತಮ್ಮ ಲಾಗ್‌ನ ಸಾಲನ್ನು ಕಳುಹಿಸಿಕೊಟ್ಟರು: ಸಂಜೆ 7.10ಕ್ಕೆ ಪತ್ರ ಹೊರಟಿದೆ, ನಮ್ಮ ಸರ್ವರ್ 250 ಎಂಬ ಸಂಖ್ಯೆಯೊಡನೆ ಅದನ್ನು ಸ್ವೀಕರಿಸಿದೆ. ಇ-ಮೇಲ್ ನಿಯಮದಂತೆ 250 ಎಂದರೆ ರಸೀದಿ. ಅದನ್ನು ಕೊಟ್ಟ ಕ್ಷಣದಿಂದ ಪತ್ರದ ಹೊಣೆ ಸ್ವೀಕರಿಸಿದವರದು. ನಮ್ಮ ಲಾಗ್‌ನಲ್ಲಿ 4.40ರ ಸಾಲನ್ನು ಹುಡುಕಿದೆವು. ಆ ಸಾಲು ಮಾತ್ರವಲ್ಲ, ಒಂದು ತಿಂಗಳ ಲೆಕ್ಕವೇ ಅಲ್ಲಿರಲಿಲ್ಲ.

ಕ್ಯಾಥೆಟರ್ ಹಾಕಿದ ರೋಗಿಯ ಚೀಲ ಬರಿದಾಗಿದ್ದರೆ ನಾವು ಮೊದಲು ಕೇಳುವ ಪ್ರಶ್ನೆಯೆಂದರೆ, ಮೂತ್ರಪಿಂಡ ಕೆಲಸ ಮಾಡುತ್ತಿಲ್ಲವೇ, ಇಲ್ಲ ಕೊಳವೆ ಕಟ್ಟಿದೆಯೇ ಎಂದು. ನಮ್ಮ ತರುಣ ಇಂಜಿನಿಯರ್ ಇದೇ ಕ್ರಮದಲ್ಲಿ ನಡೆದರು. ಅಂಚೆ ತಂತ್ರಾಂಶ ವರದಿ ಮಾಡುತ್ತಿದೆಯೇ? ಸಿಸ್‌ಲಾಗ್ ಅದನ್ನು ಕೇಳುತ್ತಿದೆಯೇ? ಇದಕ್ಕೆ ಲಾಗರ್ ಎಂಬ ಆಜ್ಞೆಯಿಂದ ಪರೀಕ್ಷಾ ಸಂದೇಶವೊಂದನ್ನು ಕಳುಹಿಸಿ ನೋಡಿದರು. ಆಜ್ಞಾಪಟ್ಟಿ ಸರಿಯಿದೆಯೇ? ಎಲ್ಲವೂ ಸರಿಯಾಗಿತ್ತು. ಕೊನೆಯ ಪ್ರಶ್ನೆಯಲ್ಲಿ ಉತ್ತರವಿತ್ತು: ಸಿಸ್‌ಲಾಗ್ ಬರೆಯುತ್ತಿದ್ದ ಕಡತವೂ ನಾವು ನೋಡುತ್ತಿದ್ದ ಕಡತವೂ ಒಂದೇ ಆಗಿದ್ದವೇ?

ಒಂದು ತಿಂಗಳ ಹಿಂದೆ ಡಿಸ್ಕ್ ತುಂಬುತ್ತ ಬಂದಾಗ ಯಾರೋ ದೊಡ್ಡ ಲಾಗ್ ಕಡತವನ್ನು ಅಳಿಸಿ, ಅದೇ ಹೆಸರಿನ ಹೊಸ ಕಡತವನ್ನು ಇಟ್ಟಿದ್ದರು. ಸಿಸ್‌ಲಾಗ್‌ಗೆ ಸೂಚನೆ ಕೊಟ್ಟಿರಲಿಲ್ಲ. ಯೂನಿಕ್ಸ್ ಪದ್ಧತಿಯಲ್ಲಿ ಕಡತವನ್ನು ಅಳಿಸಿದರೆ ಹೋಗುವುದು ಅದರ ಹೆಸರು ಮಾತ್ರ. ಅದನ್ನು ತೆರೆದುಕೊಂಡಿರುವ ತಂತ್ರಾಂಶ ಬಿಡುವವರೆಗೂ ಅದು ಒಳಗೆ ಜೀವಂತವಾಗಿರುತ್ತದೆ. ಶಾನುಭೋಗನು ಕಪಾಟಿನಿಂದ ತೆಗೆದುಹಾಕಿದ ಪುಸ್ತಕದಲ್ಲಿಯೇ ಒಂದು ತಿಂಗಳು ನಿಷ್ಠೆಯಿಂದ ಬರೆದಿದ್ದನು. ಅಳಿಸಿದಾಗ ಖಾಲಿಯಾಗದ ಡಿಸ್ಕಿನ ಜಾಗ, ಗಣಕವನ್ನು ಮರುಚಾಲನೆ ಮಾಡಿದಾಗ ಮಾತ್ರ ಖಾಲಿಯಾದುದೇ ಇದಕ್ಕೆ ಸಾಕ್ಷಿ.

ಹೌದು, ಮರುಚಾಲನೆ. ನಾನು ದೂರು ಕೊಟ್ಟ ಕೂಡಲೇ ಪಾಳಿಯಲ್ಲಿದ್ದವರು ಮಾಡಿದ ಮೊದಲ ಕೆಲಸವೇ ಅದು. ಸಿಸ್‌ಲಾಗ್ ಆ ಪುಸ್ತಕವನ್ನು ಬಿಟ್ಟಿತು, ತಿಂಗಳ ಲೆಕ್ಕ ಮಾಯವಾಯಿತು. ಅದಕ್ಕೂ ಮುಂಚೆ ಯಾರಾದರೂ ನೋಡಿದ್ದರೆ, ಓಡುತ್ತಿದ್ದ ತಂತ್ರಾಂಶದ ಕೈಯಿಂದಲೇ ಆ ಕಡತವನ್ನು ನಕಲು ಮಾಡಿಕೊಳ್ಳಬಹುದಾಗಿತ್ತು. ರಕ್ತದ ಕಲ್ಚರ್ ತೆಗೆಯುವ ಮೊದಲೇ ಆಂಟಿಬಯೋಟಿಕ್ ಚುಚ್ಚಿ, ಆಮೇಲೆ ಯಾವ ಕ್ರಿಮಿಯೆಂದು ಹುಡುಕುವ ತಪ್ಪನ್ನು ನಾವು ವೈದ್ಯರೂ ಮಾಡುತ್ತೇವೆ. ಆದ್ದರಿಂದ ಅವರನ್ನು ದೂರುವ ಹಕ್ಕು ನನಗಿಲ್ಲ. ರೋಗಿಯ ಮನೆಗೆ ಹೋಗಿ, "ನಿಮ್ಮ ವರದಿ ನಮ್ಮ ಬಾಗಿಲಿಗೆ ಬಂದಿತ್ತು, ಒಳಗೆ ಎಲ್ಲಿ ಕಳೆಯಿತೆಂದು ಹೇಳಲಾರೆ" ಎಂದು ಕ್ಷಮೆ ಕೇಳಿದೆ. ಕಾದು ಕುಳಿತ ತಪ್ಪು ನನ್ನದೂ ಆಗಿತ್ತು.

ಉಪಸಂಹಾರ

2019ರಲ್ಲಿ ಪೋಸ್ಟ್‌ಫಿಕ್ಸ್ ತಂತ್ರಾಂಶವು ಸಿಸ್‌ಲಾಗ್‌ನ ಹಂಗಿಲ್ಲದೆ ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳುವ ಸೌಲಭ್ಯವನ್ನು ಪಡೆಯಿತು. ಅಂಚೆಯ ಒಡಲಿನಲ್ಲಿ ಹುಟ್ಟಿದ ಶಾನುಭೋಗಿಕೆ ಮತ್ತೆ ಅಂಚೆಯ ಮನೆಗೆ ಮರಳಿದಂತಾಯಿತು. ಸಾಧನಗಳು ಇನ್ನೂ ಬದಲಾಗುತ್ತವೆ. ಆದರೆ ಮಂಗಳೂರಿನ ಆ ವರ್ತಕರ ಪದ್ಧತಿ ಹಳತಾಗಿಲ್ಲ: ಮುಖ್ಯವಾದುದನ್ನು ಎರಡು ಹಾದಿಯಲ್ಲಿ ಕಳುಹಿಸು, ತಲುಪಿತೆಂದು ಬರೆದು ತಿಳಿಸು. ಊರಿನಲ್ಲಿ ತಂದೆತಾಯಿಯರಿಗೆ ಪರೀಕ್ಷೆ ಮಾಡಿಸುವ ನಾವೆಲ್ಲರೂ ನೆನಪಿಡಬೇಕಾದ ಮಾತು ಒಂದೇ: ವರದಿ ಬಾರದಿರುವುದು ಶುಭವಾರ್ತೆಯಲ್ಲ. ಕೇಳಿ ತಿಳಿಯಿರಿ. ವ್ಯವಸ್ಥೆ ನೋಡಿಕೊಳ್ಳುವ ತರುಣರಲ್ಲಿ ನನ್ನ ವಿನಂತಿಯೂ ಇದೆ: ತಿಂಗಳಿಗೊಮ್ಮೆಯಾದರೂ ಒಂದು ಪರೀಕ್ಷಾ ಸಾಲನ್ನು ಬರೆಸಿ, ಅದು ಪುಸ್ತಕದಲ್ಲಿ ಮೂಡಿತೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ.